ಎರಡು ಆಫೀಸು, ಒಂದು ರೂಟರ್, ಮೂರು ಟೇಬಲ್: ವಿಆರ್‌ಎಫ್‌ಗಳ ನಡುವೆ ರೂಟ್ ಲೀಕ್ ಮಾಡಿದ ಲಾಗ್

ಒಂದು ಕಟ್ಟಡ. ಕೆಳಗೆ ರಕ್ತ ಪರೀಕ್ಷೆಯ ಲ್ಯಾಬ್, ಮೇಲೆ ಆಡಿಟರ್ ಆಫೀಸು. ಇಬ್ಬರಿಗೂ ಸೇರಿ ಒಂದೇ ಫೈಬರ್ ಇಂಟರ್ನೆಟ್, ಒಂದೇ ದೊಡ್ಡ ಪ್ರಿಂಟರ್, ಬ್ಯಾಕಪ್‌ಗೆ ಒಂದೇ ನಾಸ್ (ನೆಟ್‌ವರ್ಕ್ ಮೂಲಕ ಫೈಲ್ ಇಡುವ ಡಬ್ಬಿ). ಆದರೆ ಲ್ಯಾಬಿನ ಕಂಪ್ಯೂಟರ್‌ಗಳು ಆಡಿಟರ್ ಕಡೆಯವರಿಗೆ ಕಾಣಬಾರದು, ಅವರದ್ದು ಇವರಿಗೆ ಕಾಣಬಾರದು. ಒಂದು ಕಡೆ ರೋಗಿಗಳ ರಿಪೋರ್ಟು, ಇನ್ನೊಂದು ಕಡೆ ಜನರ ತೆರಿಗೆ ಲೆಕ್ಕ. ಇಂಥದ್ದರಲ್ಲಿ ಸಡಿಲ ಬಿಡುವ ಹಾಗಿಲ್ಲ.

ಒಂದೇ ರೂಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ) ಇಟ್ಟುಕೊಂಡು ಫೈರ್‌ವಾಲ್‌ನಲ್ಲಿ ತಡೆಯಬಹುದಿತ್ತು. ನನಗೆ ಅದು ಸರಿ ಅನಿಸಲಿಲ್ಲ. ಹಾಗೆ ಮಾಡಿದರೆ ಎಲ್ಲ ದಾರಿಯೂ ಮೊದಲೇ ತೆರೆದಿರುತ್ತದೆ, ನಾವು ಒಂದೊಂದಾಗಿ ಮುಚ್ಚುತ್ತಾ ಹೋಗಬೇಕು, ಯಾವುದೋ ಒಂದು ಸಾಲು ಬಿಟ್ಟುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಟೇಬಲ್ಲೇ ಬೇರೆ ಇದ್ದರೆ ದಾರಿಯೇ ಇರುವುದಿಲ್ಲ, ಬೇಕಾದಷ್ಟನ್ನು ಮಾತ್ರ ನಾವು ತೆರೆಯುತ್ತೇವೆ. ಹಾಗಾಗಿ ಲಿನಕ್ಸ್ ವಿಆರ್‌ಎಫ್ (ಒಂದೇ ರೂಟರ್ ಒಳಗೆ ಬೇರೆ ಬೇರೆ ರೂಟಿಂಗ್ ಟೇಬಲ್ ಇಡುವ ವ್ಯವಸ್ಥೆ), ಅದರ ಮೇಲೆ ಎಫ್‌ಆರ್‌ಆರ್ (ರೂಟಿಂಗ್ ತಂತ್ರಾಂಶ). ಒಂದು ಟೇಬಲ್‌ನ ದಾರಿಯನ್ನು ಇನ್ನೊಂದು ಟೇಬಲ್‌ಗೆ ಕೊಡುವುದೇ ರೂಟ್ ಲೀಕ್.

ಸಾಮಾನು: ನಾಲ್ಕು ಪೋರ್ಟಿನ ಫ್ಯಾನ್ ಇಲ್ಲದ ಮಿನಿ ಪಿಸಿ, ಸೆಕೆಂಡ್ ಹ್ಯಾಂಡ್, 8,500 ರೂಪಾಯಿ. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ 1,300. ಕ್ಯಾಟ್ 6 ಕೇಬಲ್ ತುಂಡುಗಳಿಗೆ ಇನ್ನೊಂದು ಆರುನೂರು. ಡೆಬಿಯನ್ 12, ಕರ್ನಲ್ 6.1, ಅದರ ಜೊತೆಗೇ ಬರುವ ಎಫ್‌ಆರ್‌ಆರ್ 8.4. ಒಂದು ಹಳೆ ಮಾನಿಟರ್ ಮತ್ತು ಕೀಬೋರ್ಡ್ ಕೂಡ ಬೇಕು, ಯಾಕೆ ಅಂತ ಹಂತ 2ರಲ್ಲಿ ಇದೆ.

ಹಂತ 1: ವಿಳಾಸ

ಮೊದಲ ತೊಡಕು ಇಲ್ಲೇ. ಲ್ಯಾಬ್ 192.168.1.0/24 (/24 ಅಂದರೆ ಮೊದಲ ಮೂರು ಭಾಗ ಒಂದೇ ಇರುವ ವಿಳಾಸಗಳ ಗುಂಪು, /32 ಅಂದರೆ ಒಂದೇ ವಿಳಾಸ). ಆಡಿಟರ್ ಆಫೀಸೂ 192.168.1.0/24. ಫೈಬರ್ ಕಂಪನಿ ಕೊಟ್ಟ ಡಬ್ಬಿಯೂ 192.168.1.1. ಅಂಗಡಿಯಿಂದ ತಂದು ಹಾಗೇ ಸಿಕ್ಕಿಸಿದರೆ ಎಲ್ಲ ಕಡೆ ಇದೇ ಕಥೆ, ಅಲ್ವಾ.

ಟೇಬಲ್ ಬೇರೆ ಬೇರೆ ಇದ್ದಾಗ ಒಂದೇ ವಿಳಾಸ ಎರಡು ಕಡೆ ಇದ್ದರೂ ತೊಂದರೆ ಇಲ್ಲ, ವಿಆರ್‌ಎಫ್ ಇರುವುದೇ ಅದಕ್ಕೆ. ಆದರೆ ಮೂರನೇ ಟೇಬಲ್‌ಗೆ ಎರಡನ್ನೂ ಲೀಕ್ ಮಾಡಲು ಹೊರಟ ತಕ್ಷಣ ಕೆಲಸ ನಿಲ್ಲುತ್ತದೆ. ನಾಸ್‌ನಿಂದ 192.168.1.25ಕ್ಕೆ ಉತ್ತರ ಬಂತು ಅಂದುಕೊಳ್ಳಿ. ಕೆಳಗೋ ಮೇಲೋ? ನಾಸ್ ಇರುವ ಟೇಬಲ್‌ನಲ್ಲಿ ಆ ನೆಟ್‌ವರ್ಕಿಗೆ ಗೆಲ್ಲುವ ಸಾಲು ಒಂದೇ. ಲೀಕ್ ಇದನ್ನು ಬಿಡಿಸುವುದಿಲ್ಲ. ನ್ಯಾಟ್ (ದಾರಿಯಲ್ಲಿ ಪ್ಯಾಕೆಟ್‌ನ ವಿಳಾಸ ಬದಲಿಸುವುದು) ಹಾಕಬೇಕು, ಇಲ್ಲವೇ ವಿಳಾಸ ಬದಲಿಸಬೇಕು. ನ್ಯಾಟ್ ಹಾಕಿದರೂ ಲಿನಕ್ಸ್‌ನ ಕನೆಕ್ಷನ್ ಟ್ರ್ಯಾಕಿಂಗ್ ತಾನಾಗಿ ವಿಆರ್‌ಎಫ್ ನೋಡಿ ಬೇರೆ ಮಾಡುವುದಿಲ್ಲ, ಅದಕ್ಕೆ ಝೋನ್ ಬೇರೆ ಕೊಡಬೇಕು. ಬೇಡ ಅಂತ ವಿಳಾಸವನ್ನೇ ಬದಲಿಸಿದೆ.

ಯಾರದ್ದನ್ನು ಬದಲಿಸುವುದು? ಲ್ಯಾಬಿನ ಅನಲೈಸರ್ ಯಂತ್ರದಲ್ಲಿ ವಿಳಾಸವನ್ನು ಅದರ ಸರ್ವೀಸ್ ಇಂಜಿನಿಯರ್ ಕೈಯಿಂದ ಹಾಕಿದ್ದಾರೆ, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಲ್ಯಾಬ್ ಹಾಗೇ ಇರಲಿ, ಆಡಿಟರ್ ಆಫೀಸು 10.20.1.0/24ಕ್ಕೆ ಹೋಗಲಿ ಅಂತ ತೀರ್ಮಾನ. ಅಲ್ಲಿ ಎಲ್ಲ ಡಿಎಚ್‌ಸಿಪಿ (ವಿಳಾಸ ತಾನಾಗಿ ಸಿಗುತ್ತದೆ), ಸುಲಭ. ತೊಂದರೆ ಕೊಟ್ಟಿದ್ದು ಟ್ಯಾಲಿ ಡೇಟಾ ಇರುವ ಫೋಲ್ಡರ್ ಮಾತ್ರ, ಪ್ರತಿ ಕಂಪ್ಯೂಟರ್‌ನಲ್ಲೂ ದಾರಿಯನ್ನು ಹಳೆ ಐಪಿ ಹಾಕಿಯೇ ಬರೆದಿಟ್ಟಿದ್ದರು. ಎಲ್ಲವನ್ನೂ ಕೂತು ತಿದ್ದಬೇಕಾಯಿತು. ಆಫೀಸು ಮುಚ್ಚಿದ ಮೇಲೆ ಮಾಡಿ, ಕೆಲಸದ ಹೊತ್ತಿನಲ್ಲಿ ಬೇಡ.

ಫೈಬರ್ ಡಬ್ಬಿಯ ಒಳವಿಳಾಸ 192.168.100.1 ಮಾಡಿದೆ. ನಾಸ್ ಮತ್ತು ಪ್ರಿಂಟರ್ ಇರುವ ಕಾಮನ್ ನೆಟ್‌ವರ್ಕ್ 10.30.1.0/24. ನಾಸ್ .20, ಪ್ರಿಂಟರ್ .30, ರೂಟರ್ .1.

ಹಂತ 2: ಮೂರು ವಿಆರ್‌ಎಫ್

ಪೋರ್ಟ್‌ಗಳ ಕರ್ನಲ್ ಹೆಸರು ಓದಲು ಕಷ್ಟ. ಸಿಸ್ಟಂಡಿ ಲಿಂಕ್ ಫೈಲಿನಲ್ಲಿ ಮ್ಯಾಕ್ ವಿಳಾಸ ನೋಡಿ ಪೋರ್ಟ್1, ಪೋರ್ಟ್2, ಪೋರ್ಟ್3, ಪೋರ್ಟ್4 ಅಂತ ಹೆಸರಿಟ್ಟೆ. ಡಬ್ಬಿಯ ಮೇಲೂ ಅದೇ ನಂಬರ್ ಸ್ಟಿಕ್ಕರ್. ಪೋರ್ಟ್1 ಫೈಬರ್, ಪೋರ್ಟ್2 ಲ್ಯಾಬ್, ಪೋರ್ಟ್3 ಆಡಿಟ್, ಪೋರ್ಟ್4 ನಾಸ್ ಮತ್ತು ಪ್ರಿಂಟರ್ ಇರುವ ಸ್ವಿಚ್.

ಮೊದಲು ಕೈಯಿಂದ ಟೈಪ್ ಮಾಡಿ ನೋಡಿದೆ:

ಐಪಿ ಲಿಂಕ್ ಆಡ್ ಲ್ಯಾಬ್ ಟೈಪ್ ವಿಆರ್‌ಎಫ್ ಟೇಬಲ್ 110
ಐಪಿ ಲಿಂಕ್ ಸೆಟ್ ಲ್ಯಾಬ್ ಅಪ್
ಐಪಿ ಲಿಂಕ್ ಸೆಟ್ ಪೋರ್ಟ್2 ಮಾಸ್ಟರ್ ಲ್ಯಾಬ್

ಹೀಗೇ ಆಡಿಟ್‌ಗೆ ಟೇಬಲ್ 120, ಕಾಮನ್‌ಗೆ 130. ಕಾಮನ್‌ನಲ್ಲಿ ಪೋರ್ಟ್1 ಮತ್ತು ಪೋರ್ಟ್4 ಎರಡೂ.

ಪೋರ್ಟ್4ರ ಮೂಲಕ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗಿ) ಕೂತು ಇದನ್ನು ಮಾಡಿದರೆ, ಪೋರ್ಟ್4 ಕಾಮನ್‌ಗೆ ಸೇರಿದ ಕ್ಷಣಕ್ಕೆ ಸಂಪರ್ಕ ಸತ್ತುಹೋಗುತ್ತದೆ. ಎಸ್‌ಎಸ್‌ಎಚ್ ಸರ್ವರ್ ಡೀಫಾಲ್ಟ್ ಟೇಬಲ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ, ವಿಆರ್‌ಎಫ್ ಒಳಗಿನ ಪೋರ್ಟಿಗೆ ಬಂದದ್ದು ಅದಕ್ಕೆ ಕೇಳುವುದಿಲ್ಲ. ಸಿಸ್‌ಕಂಟ್ರೋಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳಲ್ಲಿ) ಟಿಸಿಪಿ ಎಲ್3ಎಂಡೆವ್ ಅಕ್ಸೆಪ್ಟ್ ಅನ್ನುವುದನ್ನು 1 ಮಾಡಿದರೆ ಕೇಳುತ್ತದೆ. ಮಾನಿಟರ್, ಕೀಬೋರ್ಡ್ ಬೇಕು ಅಂದಿದ್ದು ಇದಕ್ಕೇ. ಅದನ್ನು 1 ಮಾಡಿದ ಮೇಲೆ ಲ್ಯಾಬ್, ಆಡಿಟ್ ಕಡೆಯಿಂದಲೂ ಎಸ್‌ಎಸ್‌ಎಚ್ ಸಿಗುತ್ತದೆ ಅನ್ನುವುದನ್ನು ಮರೆಯಬೇಡಿ, ಫೈರ್‌ವಾಲ್‌ನಲ್ಲಿ ಮುಚ್ಚಿ.

ಇನ್ನೊಂದು: ರೂಟರ್ ತಾನೇ ಅಪ್‌ಡೇಟ್ ಇಳಿಸಿಕೊಳ್ಳಲು ಹೋದರೆ ಇಂಟರ್ನೆಟ್ ಇಲ್ಲ ಅನ್ನುತ್ತದೆ. ಇಂಟರ್ನೆಟ್ ಇರುವುದು ಕಾಮನ್‌ನಲ್ಲಿ, ಪ್ರೋಗ್ರಾಂ ಓಡುವುದು ಡೀಫಾಲ್ಟ್‌ನಲ್ಲಿ. ಐಪಿ ವಿಆರ್‌ಎಫ್ ಎಕ್ಸೆಕ್ ಕಾಮನ್ ಅಂತ ಮುಂದೆ ಹಾಕಿ ಓಡಿಸಿದರೆ ಸರಿ.

ಬಿಟ್ಟರೆ ಆಮೇಲೆ ಕಾಡುವ ಎರಡು ಸಣ್ಣ ಕೆಲಸ ಇವೆ. ಐಪಿ ರೂಲ್ ಪಟ್ಟಿಯಲ್ಲಿ ಲೋಕಲ್ ಟೇಬಲ್ 0ಯಲ್ಲಿ ಇರುತ್ತದೆ, ವಿಆರ್‌ಎಫ್ ನೋಡುವ ರೂಲ್ 1000ದಲ್ಲಿ. ಅಂದರೆ ವಿಆರ್‌ಎಫ್‌ಗಿಂತ ಮೊದಲೇ ಲೋಕಲ್ ನೋಡಲಾಗುತ್ತದೆ. ಲೋಕಲ್ ಅನ್ನು 32765ಕ್ಕೆ ಹಾಕಿ, ಆಮೇಲೆ 0ಯಲ್ಲಿದ್ದದ್ದನ್ನು ತೆಗೆದೆ. ಈ ಕ್ರಮದಲ್ಲೇ ಮಾಡಿ. ಮೊದಲು ತೆಗೆದರೆ ರೂಟರ್ ತನ್ನ ವಿಳಾಸವನ್ನೇ ಮರೆಯುತ್ತದೆ. ಎರಡನೆಯದು, ಲ್ಯಾಬ್ ಮತ್ತು ಆಡಿಟ್ ಟೇಬಲ್‌ಗಳಿಗೆ ಮೆಟ್ರಿಕ್ 4278198272 ಇಟ್ಟು ಅನ್‌ರೀಚಬಲ್ ಡೀಫಾಲ್ಟ್ ಹಾಕುವುದು. ಇಲ್ಲದಿದ್ದರೆ ವಿಆರ್‌ಎಫ್ ಟೇಬಲ್‌ನಲ್ಲಿ ಏನೂ ಸಿಗದಿದ್ದಾಗ ಹುಡುಕಾಟ ಮುಂದಿನ ರೂಲ್‌ಗೆ, ಅಂದರೆ ಮೇನ್ ಟೇಬಲ್‌ಗೆ ಜಾರುತ್ತದೆ. ಬೇರೆ ಮಾಡಿದ್ದೇ ವ್ಯರ್ಥ ಆಗುತ್ತದೆ.

ಐಪಿವಿ6 ಸದ್ಯಕ್ಕೆ ಬಿಟ್ಟಿದ್ದೇನೆ. ಪೋರ್ಟನ್ನು ವಿಆರ್‌ಎಫ್‌ಗೆ ಸೇರಿಸುವಾಗ ಅದರ ವಿ6 ವಿಳಾಸ ಹಾರಿಹೋಗುತ್ತದೆ, ಆ ಕೆಲಸ ಬೇರೆ ದಿನಕ್ಕೆ.

ಹಂತ 3: ಕೈಯಿಂದ ಲೀಕ್

ಮೊದಲ ಪ್ರಯತ್ನ ಸರಳ. ಲ್ಯಾಬಿನ ಟೇಬಲ್‌ಗೆ ಒಂದು ಸಾಲು:

ಐಪಿ ರೂಟ್ ಆಡ್ 10.30.1.20/32 ಡೆವ್ ಪೋರ್ಟ್4 ಟೇಬಲ್ 110

ಲ್ಯಾಬಿನ ಕಂಪ್ಯೂಟರ್‌ನಿಂದ ನಾಸ್‌ಗೆ ಪಿಂಗ್. ಉತ್ತರ ಇಲ್ಲ. ಪೋರ್ಟ್4ರ ಮೇಲೆ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಹಾಕಿದರೆ ಪಿಂಗ್ ಹೋಗುತ್ತಿದೆ, ನಾಸ್ ಉತ್ತರವನ್ನೂ ಕೊಡುತ್ತಿದೆ. ಉತ್ತರ ರೂಟರ್‌ಗೆ ಬಂದ ಮೇಲೆ ಎಲ್ಲಿ ಹೋಯಿತು? ಪೋರ್ಟ್1ರ ಮೇಲೆ ನೋಡಿದಾಗ ಸಿಕ್ಕಿತು. 192.168.1.25ಕ್ಕೆ ಹೊರಟ ಉತ್ತರ ಫೈಬರ್ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಕಾಮನ್ ಟೇಬಲ್‌ಗೆ ಲ್ಯಾಬ್ ಗೊತ್ತಿಲ್ಲ, ಗೊತ್ತಿಲ್ಲದ್ದೆಲ್ಲ ಡೀಫಾಲ್ಟ್ ದಾರಿಗೆ.

ಲೀಕ್ ಎರಡೂ ಕಡೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಒಂದು ಕಡೆ ಬಿಟ್ಟುಹೋದಾಗ ಪ್ಯಾಕೆಟ್ ಸುಮ್ನೆ ಸಾಯುವುದಿಲ್ಲ, ಹೊರಗೆ ಹೋಗುತ್ತದೆ ಅನ್ನುವುದು ಕಣ್ಣಿಗೆ ಕಂಡಾಗ ಅದರ ಭಾರ ಬೇರೆ. ಅದಕ್ಕೇ ಕಾಮನ್ ಟೇಬಲ್‌ನಲ್ಲಿ 10.0.0.0/8, 172.16.0.0/12, 192.168.0.0/16 ಮೂರು ಖಾಸಗಿ ವಿಳಾಸದ ಗುಂಪಿಗೂ ಬ್ಲ್ಯಾಕ್‌ಹೋಲ್ (ಪ್ಯಾಕೆಟ್ ಅನ್ನು ಅಲ್ಲೇ ಬಿಸಾಡುವ ಸಾಲು) ಹಾಕಿದೆ. ನಿಜವಾಗಿ ಇರುವ ನೆಟ್‌ವರ್ಕ್‌ಗಳ ಸಾಲು ಇದಕ್ಕಿಂತ ಉದ್ದದ ಪ್ರಿಫಿಕ್ಸ್ ಆದ್ದರಿಂದ ಅವು ಗೆಲ್ಲುತ್ತವೆ, ಉಳಿದ ಖಾಸಗಿ ವಿಳಾಸ ಯಾವುದೂ ಹೊರಗೆ ಹೋಗುವುದಿಲ್ಲ. ಈ ಮೂರು ಸಾಲು ಮೊದಲೇ ಹಾಕಿ.

ಹಿಂದಿರುಗುವ ಸಾಲು ಹಾಕಿದೆ, 192.168.1.0/24 ಡೆವ್ ಪೋರ್ಟ್2 ಟೇಬಲ್ 130. ನಾಸ್ ಪಿಂಗ್ ಬಂತು. ಪ್ರಿಂಟರ್‌ಗೂ ಲ್ಯಾಬ್ ಟೇಬಲ್‌ನಲ್ಲಿ ಅಂಥದ್ದೇ ಸಾಲು ಹಾಕಿದೆ, ಅದು ಮಾತ್ರ ಇನ್ನೂ ಇಲ್ಲ. ಈ ಸಲ ಪೋರ್ಟ್4ರಲ್ಲಿ ಬೇರೆ ಚಿತ್ರ: ಪಿಂಗ್ ಹೋಗುತ್ತದೆ, ಆ ಕಡೆಯಿಂದ ಏನೂ ಇಲ್ಲ. ಪ್ರಿಂಟರ್‌ನ ಮೆನುವಿನಲ್ಲಿ ಗೇಟ್‌ವೇ 0.0.0.0. ಇಷ್ಟು ವರ್ಷ ಒಂದೇ ನೆಟ್‌ವರ್ಕ್‌ನಲ್ಲಿ ಇದ್ದ ಪ್ರಿಂಟರ್‌ಗೆ ಯಾರೂ ಗೇಟ್‌ವೇ ಕೊಟ್ಟೇ ಇರಲಿಲ್ಲ. 10.30.1.1 ಹಾಕಿದ ಮೇಲೆ ಸರಿಹೋಯಿತು. ಉತ್ತರ ರೂಟರ್‌ವರೆಗೆ ಬಂದು ಕಳೆದುಹೋಗುತ್ತಿದೆಯೋ, ಹೊರಡುತ್ತಲೇ ಇಲ್ಲವೋ ಅಂತ ಮೊದಲು ನೋಡಿ, ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.

ಆದರೂ ಕೈಯಿಂದ ಹಾಕಿದ ಸಾಲುಗಳನ್ನು ಉಳಿಸಿಕೊಳ್ಳಲಿಲ್ಲ. ಪೋರ್ಟ್4 ಅನ್ನು ಡೌನ್ ಮಾಡಿ ಮತ್ತೆ ಅಪ್ ಮಾಡಿದರೆ ಕಾಮನ್‌ನ ಸ್ವಂತ ಸಾಲು ತಾನಾಗಿ ಬರುತ್ತದೆ, ಲ್ಯಾಬ್ ಟೇಬಲ್‌ನಲ್ಲಿ ನಾವು ಹಾಕಿದ ಲೀಕ್ ಸಾಲು ಬರುವುದಿಲ್ಲ. ಕರ್ನಲ್ ಅದನ್ನು ಅಳಿಸಿಬಿಟ್ಟಿರುತ್ತದೆ. ಇದನ್ನು ನೋಡಿಕೊಳ್ಳಲು ಸ್ಕ್ರಿಪ್ಟ್ ಬರೆಯುವ ಬದಲು ಎಫ್‌ಆರ್‌ಆರ್‌ಗೆ ಬಿಡುವುದು ವಾಸಿ.

ಹಂತ 4: ಡೀಫಾಲ್ಟ್ ದಾರಿ, ಮತ್ತು ಈ ಇಡೀ ಕೆಲಸದ ಅಪಾಯದ ಜಾಗ

ಇಂಟರ್ನೆಟ್ ಬೇಕಲ್ಲ. ಲ್ಯಾಬ್ ಟೇಬಲ್‌ಗೆ ಡೀಫಾಲ್ಟ್ ಲೀಕ್ ಮಾಡಬೇಕು. ಜಾಸ್ತಿ ಕಡೆ ಕಾಣುವ ಉಪಾಯ ಇದು:

ಐಪಿ ರೂಟ್ ಆಡ್ ಡೀಫಾಲ್ಟ್ ಡೆವ್ ಕಾಮನ್ ಟೇಬಲ್ 110

ಅಂದರೆ ಗೊತ್ತಿಲ್ಲದ್ದೆಲ್ಲ ಕಾಮನ್ ವಿಆರ್‌ಎಫ್‌ಗೆ ಎಸೆ. ಒಂದೇ ಸಾಲು, ಇಂಟರ್ನೆಟ್ ತಕ್ಷಣ ಬಂತು. ಆಡಿಟ್ ಕಡೆಗೂ ಹೀಗೇ ಹಾಕಿದೆ, ಅಲ್ಲೂ ಬಂತು. ಆಮೇಲೆ ಲ್ಯಾಬ್‌ನಿಂದ ಆಡಿಟ್ ಕಡೆಯ 10.20.1.15ಕ್ಕೆ ಪಿಂಗ್ ಕೊಟ್ಟೆ. ಉತ್ತರ ಬಂತು!

ಲ್ಯಾಬ್ ಟೇಬಲ್ ತೆರೆದು ನೋಡಿದರೆ 10.20.1.0/24 ಅನ್ನುವ ಸಾಲೇ ಇಲ್ಲ. ಟೇಬಲ್ ಮಾತ್ರ ನೋಡಿ ಎಲ್ಲ ಸರಿ ಇದೆ ಅಂತ ಎದ್ದುಹೋಗಬಹುದಿತ್ತು. ಆಗಿದ್ದು ಇಷ್ಟು: ರೂಟ್ ಒಂದು ವಿಆರ್‌ಎಫ್ ಡಿವೈಸ್ ಕಡೆ ತೋರಿಸಿದರೆ ಪ್ಯಾಕೆಟ್ ಆ ವಿಆರ್‌ಎಫ್‌ಗೆ ಹೋಗಿ, ಅಲ್ಲಿಯ ಟೇಬಲ್‌ನಲ್ಲಿ ಇನ್ನೊಮ್ಮೆ ಹುಡುಕಾಟ ನಡೆಯುತ್ತದೆ. ಕಾಮನ್ ಟೇಬಲ್‌ಗೆ ಆಡಿಟ್ ಕಡೆಯ ದಾರಿ ಗೊತ್ತು, ನಾಸ್ ಉತ್ತರಕ್ಕೆ ಅಂತ ನಾವೇ ಕೊಟ್ಟಿದ್ದೇವೆ. ಹಾಗಾಗಿ ಪ್ಯಾಕೆಟ್ ಆರಾಮಾಗಿ ಲ್ಯಾಬ್‌ನಿಂದ ಕಾಮನ್‌ಗೆ, ಕಾಮನ್‌ನಿಂದ ಆಡಿಟ್‌ಗೆ ಹೋಯಿತು. ಉತ್ತರವೂ ಅದೇ ರೀತಿ ವಾಪಸ್. ಪಡಸಾಲೆಗೆ ಬಾಗಿಲು ಇಟ್ಟರೆ ಅಲ್ಲಿಂದ ಎಲ್ಲ ಕೋಣೆಗೂ ಹೋಗಬಹುದು ಅನ್ನುವ ಹಾಗೆ.

ಸರಿಯಾದ ದಾರಿ, ಗೇಟ್‌ವೇ ವಿಳಾಸವನ್ನೇ ಹೇಳುವುದು. ಎಫ್‌ಆರ್‌ಆರ್‌ನಲ್ಲಿ ವಿಆರ್‌ಎಫ್ ಲ್ಯಾಬ್ ಒಳಗೆ:

ಐಪಿ ರೂಟ್ 0.0.0.0/0 192.168.100.1 ನೆಕ್ಸ್ಟ್‌ಹಾಪ್-ವಿಆರ್‌ಎಫ್ ಕಾಮನ್

ಈಗ ಪ್ಯಾಕೆಟ್ ನೇರ ಪೋರ್ಟ್1ರಿಂದ ಫೈಬರ್ ಡಬ್ಬಿಗೆ ಹೋಗುತ್ತದೆ, ಕಾಮನ್ ಟೇಬಲ್‌ನಲ್ಲಿ ಮತ್ತೆ ಹುಡುಕಾಟ ಇಲ್ಲ. ಆದರೆ ಲ್ಯಾಬ್‌ನಿಂದ 10.20.1.15ಕ್ಕೆ ಹೊರಟದ್ದು ಈಗ ಫೈಬರ್ ಡಬ್ಬಿಗೆ ಹೋಗುತ್ತದೆ, ಅದೂ ಬೇಡ. ಹಾಗಾಗಿ ಲ್ಯಾಬ್ ಮತ್ತು ಆಡಿಟ್ ಟೇಬಲ್‌ಗಳಲ್ಲೂ ಅದೇ ಮೂರು ಬ್ಲ್ಯಾಕ್‌ಹೋಲ್ ಸಾಲು ಹಾಕಿದೆ. ಪಿಂಗ್ ನಿಂತಿತು, ಪೋರ್ಟ್1ರಲ್ಲೂ ಏನೂ ಕಾಣಲಿಲ್ಲ.

ಲೀಕ್ ಮಾಡಿದ ಮೇಲೆ ರೂಟ್ ಪಟ್ಟಿ ಓದಿ ನಿಲ್ಲಿಸಬೇಡಿ. ಹೋಗಬಾರದ ಕಡೆಗೆ ನಿಜವಾಗಿ ಪ್ಯಾಕೆಟ್ ಕಳಿಸಿ ನೋಡಿ. ನಾನು ಎರಡು ಪಟ್ಟಿ ಬರೆದುಕೊಂಡೆ, ತಲುಪಬೇಕಾದ್ದು ಒಂದು, ತಲುಪಬಾರದ್ದು ಒಂದು. ಪ್ರತಿ ಬದಲಾವಣೆ ಆದ ಮೇಲೆ ಎರಡನ್ನೂ ಓಡಿಸುತ್ತಿದ್ದೆ.

ಹಂತ 5: ಬಿಜಿಪಿ ಮೂಲಕ ಲೀಕ್

ಬಿಜಿಪಿ ಅಂದರೆ ರೂಟರ್‌ಗಳು ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್. ಬಿಜಿಪಿ ನೆರೆಯವರು ಯಾರೂ ಇಲ್ಲದ ಒಂಟಿ ಡಬ್ಬಿಗೆ ಬಿಜಿಪಿ ಯಾಕೆ ಅಂತ ಕೇಳಬಹುದು. ಟೇಬಲ್‌ಗಳ ನಡುವೆ ರೂಟ್ ಸಾಗಿಸುವ ಯಂತ್ರ ಎಫ್‌ಆರ್‌ಆರ್‌ನಲ್ಲಿ ಬಿಜಿಪಿ ಒಳಗೇ ಇದೆ, ಸಿಸ್ಕೋ ರೂಟರ್‌ಗಳಲ್ಲೂ ರೂಟ್ ಟಾರ್ಗೆಟ್ (ಆರ್‌ಟಿ, ರೂಟ್ ಯಾವ ಟೇಬಲ್‌ಗೆ ಹೋಗಬೇಕು ಅನ್ನುವ ಗುರುತು) ಹಾಕಿ ಮಾಡುವ ಲೀಕ್ ಬಿಜಿಪಿ ಮೂಲಕವೇ. ನೆರೆಯವರು ಬೇಕಿಲ್ಲ. ಮುಂದೆ ಮೂರನೇ ಬಾಡಿಗೆದಾರರು ಬಂದರೆ ಕೆಲವೇ ಸಾಲಿನಲ್ಲಿ ಮುಗಿಯಬೇಕು ಅನ್ನುವುದು ನನ್ನ ಲೆಕ್ಕ.

ಡೀಮನ್ಸ್ ಫೈಲಿನಲ್ಲಿ ಬಿಜಿಪಿಡಿ ಯೆಸ್ ಮಾಡಿ ಎಫ್‌ಆರ್‌ಆರ್ ರೀಸ್ಟಾರ್ಟ್. ಎಎಸ್ ನಂಬರ್ (ಬಿಜಿಪಿಯಲ್ಲಿ ನೆಟ್‌ವರ್ಕಿನ ಗುರುತು ಸಂಖ್ಯೆ) 65010, ಖಾಸಗಿ ಬಳಕೆಗೆ ಇಟ್ಟಿರುವ 64512ರಿಂದ 65534ರ ಒಳಗಿನದು. ಮೊದಲು ಡೀಫಾಲ್ಟ್ ಇನ್‌ಸ್ಟೆನ್ಸ್ ಬರೆದೆ, ಯಾಕೆಂದರೆ ಲೀಕ್ ಆಗುವ ರೂಟ್‌ಗಳು ಅದರ ವಿಪಿಎನ್ ಟೇಬಲ್ ಮೂಲಕವೇ ಹಾದುಹೋಗುತ್ತವೆ. ರೂಟರ್ ಐಡಿ ಕೈಯಿಂದಲೇ ಕೊಟ್ಟೆ. ಆಮೇಲೆ ಒಂದೊಂದು ವಿಆರ್‌ಎಫ್‌ಗೆ:

ರೂಟರ್ ಬಿಜಿಪಿ 65010 ವಿಆರ್‌ಎಫ್ ಲ್ಯಾಬ್
ಅಡ್ರೆಸ್-ಫ್ಯಾಮಿಲಿ ಐಪಿವಿ4 ಯುನಿಕಾಸ್ಟ್
ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್
ಇಂಪೋರ್ಟ್ ವಿಆರ್‌ಎಫ್ ಕಾಮನ್

ಕಾಮನ್ ಕಡೆ ಇಂಪೋರ್ಟ್ ವಿಆರ್‌ಎಫ್ ಲ್ಯಾಬ್, ಇಂಪೋರ್ಟ್ ವಿಆರ್‌ಎಫ್ ಆಡಿಟ್. ಇಷ್ಟಕ್ಕೇ ಎಫ್‌ಆರ್‌ಆರ್ ಆರ್‌ಡಿ (ರೂಟ್ ಯಾವ ವಿಆರ್‌ಎಫ್‌ನದು ಅಂತ ಬೇರೆ ಮಾಡುವ ಗುರುತು), ಆರ್‌ಟಿ ಎರಡನ್ನೂ ತಾನೇ ಮಾಡಿಕೊಳ್ಳುತ್ತದೆ. ನಾನು ಮೊದಲು ಕೈಯಿಂದ ಆರ್‌ಡಿ, ಆರ್‌ಟಿ ಬರೆದು ಎಕ್ಸ್‌ಪೋರ್ಟ್ ವಿಪಿಎನ್, ಇಂಪೋರ್ಟ್ ವಿಪಿಎನ್ ಹಾಕಿದ್ದೆ. ಅದರ ಜೊತೆಗೆ ಇಂಪೋರ್ಟ್ ವಿಆರ್‌ಎಫ್ ಹಾಕಲು ಹೋದರೆ ಅದು ಒಪ್ಪುವುದಿಲ್ಲ. ಎರಡರಲ್ಲಿ ಒಂದು ವಿಧಾನ ಆರಿಸಿಕೊಳ್ಳಬೇಕು. ಒಂದೇ ಡಬ್ಬಿಯಾದರೆ ಇಂಪೋರ್ಟ್ ವಿಆರ್‌ಎಫ್ ಸಾಕು.

ಈಗ ತೊಡಕು. ನನಗೆ ಲ್ಯಾಬ್‌ಗೆ ಬೇಕಿದ್ದು ನಾಸ್ ಮತ್ತು ಪ್ರಿಂಟರ್, ಎರಡೇ ವಿಳಾಸ. ಬಂದದ್ದು 10.30.1.0/24 ಪೂರ್ತಿ, ಜೊತೆಗೆ ಫೈಬರ್ ಡಬ್ಬಿಯ 192.168.100.0/24. ರೂಟ್ ಮ್ಯಾಪ್ (ರೂಟ್‌ಗಳನ್ನು ಸೋಸುವ ಜರಡಿ) ಹಾಕಿ /32 ಮಾತ್ರ ಬಿಡು ಅಂದರೆ ಏನೂ ಬರಲಿಲ್ಲ. ಲೀಕ್ ಆಗುವುದು ಇಡೀ ಸಾಲು. ಒಂದು /24 ಒಳಗಿಂದ ತುಂಡು ಕತ್ತರಿಸಿ ಕೊಡಲು ಬರುವುದಿಲ್ಲ. ಕಾಮನ್ ಟೇಬಲ್‌ನಲ್ಲಿ /32 ಸಾಲು ಇದ್ದರೆ ತಾನೇ ಅದು ಲೀಕ್ ಆಗುವುದು.

ಹಾಗಾಗಿ ವಿಆರ್‌ಎಫ್ ಕಾಮನ್ ಒಳಗೆ 10.30.1.20/32 ಪೋರ್ಟ್4, 10.30.1.30/32 ಪೋರ್ಟ್4 ಅಂತ ಎರಡು ಸ್ಟ್ಯಾಟಿಕ್, ಬಿಜಿಪಿಯಲ್ಲಿ ರೀಡಿಸ್ಟ್ರಿಬ್ಯೂಟ್ ಸ್ಟ್ಯಾಟಿಕ್. ಬ್ಲ್ಯಾಕ್‌ಹೋಲ್ ಸಾಲುಗಳೂ ಸ್ಟ್ಯಾಟಿಕ್ ಆದ್ದರಿಂದ ಅವೂ ಇದರ ಜೊತೆ ಹೊರಡುತ್ತವೆ. ಅದಕ್ಕೆ ಇಂಪೋರ್ಟ್ ಕಡೆ ರೂಟ್ ಮ್ಯಾಪ್ ಇರಲೇಬೇಕು. ಲ್ಯಾಬ್ ಮತ್ತು ಆಡಿಟ್‌ನಲ್ಲಿ ಆ ಎರಡು /32 ಮಾತ್ರ, ಕಾಮನ್‌ನಲ್ಲಿ 192.168.1.0/24 ಮತ್ತು 10.20.1.0/24 ಮಾತ್ರ.

ಕಾಮನ್‌ಗೆ ಬಂದ ಆಡಿಟ್ ರೂಟ್ ಅಲ್ಲಿಂದ ಮುಂದೆ ಲ್ಯಾಬ್‌ಗೂ ಹರಿದುಬಿಟ್ಟರೆ? ಇಲ್ಲ, ಒಮ್ಮೆ ಇಂಪೋರ್ಟ್ ಆದದ್ದು ಮತ್ತೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಶೋ ಬಿಜಿಪಿ ವಿಆರ್‌ಎಫ್ ಲ್ಯಾಬ್ ಐಪಿವಿ4 ಅಂತ ಕೊಟ್ಟು ನೋಡಿದೆ. ಲೀಕ್ ಆಗಿ ಬಂದ ಸಾಲುಗಳ ನೆಕ್ಸ್ಟ್‌ಹಾಪ್ ಮುಂದೆ @ ಗುರುತು ಮತ್ತು ಮೂಲ ವಿಆರ್‌ಎಫ್‌ನ ನಂಬರ್ ಇರುತ್ತದೆ, ಸ್ವಂತದ್ದು ಯಾವುದು, ಬಂದದ್ದು ಯಾವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಎರಡೇ ಇದ್ದವು.

ಹಂತ 6: ಫೈರ್‌ವಾಲ್

ಲೀಕ್ ಮಾಡಿದ ಜಾಗದಲ್ಲಿ ಟೇಬಲ್ ಬೇರೆ ಇರುವುದರ ರಕ್ಷಣೆ ಮುಗಿಯಿತು. ಈಗ ನಾಸ್‌ಗೆ ಲ್ಯಾಬಿನ ಇಡೀ /24 ಗೊತ್ತು. ನಾಸ್ ಒಳಗೆ ಯಾರಾದರೂ ನುಗ್ಗಿದರೆ ಅಲ್ಲಿಂದ ಎರಡೂ ಆಫೀಸಿಗೆ ಹೋಗಬಹುದು. ಹಾಗಾಗಿ ಲಿನಕ್ಸ್‌ನ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಫಾರ್ವರ್ಡ್ (ರೂಟರ್ ದಾಟಿ ಹೋಗುವ ಪ್ಯಾಕೆಟ್‌ಗಳ) ಪಾಲಿಸಿ ಡ್ರಾಪ್, ಎಸ್ಟಾಬ್ಲಿಷ್ಡ್ ಆದದ್ದಕ್ಕೆ ಅನುಮತಿ, ಆಮೇಲೆ ಲ್ಯಾಬ್ ಮತ್ತು ಆಡಿಟ್ ಕಡೆಯಿಂದ ನಾಸ್‌ಗೆ ಟಿಸಿಪಿ 445, ಪ್ರಿಂಟರ್‌ಗೆ 9100 ಮತ್ತು 631, ಇಂಟರ್ನೆಟ್‌ಗೆ ಹೊರಗೆ. ಪೋರ್ಟ್1ರಿಂದ ಹೊರಡುವುದಕ್ಕೆ ಮಾಸ್ಕರೇಡ್ (ರೂಟರ್‌ನ ವಿಳಾಸ ಹಾಕಿ ಕಳಿಸುವ ನ್ಯಾಟ್). ಕಾಮನ್‌ನಿಂದ ಶುರುವಾಗಿ ಆಫೀಸುಗಳ ಕಡೆ ಹೋಗುವುದು ಯಾವುದೂ ಇಲ್ಲ.

ಮೊದಲು ಬರೆದ ರೂಲ್ ಒಂದೂ ಹಿಡಿಯಲಿಲ್ಲ, ಕೌಂಟರ್ ಎಲ್ಲ ಸೊನ್ನೆ, ಪ್ಯಾಕೆಟ್ ಎಲ್ಲ ಡ್ರಾಪ್. ಒಳಬರುವ ಹೆಸರು ಪೋರ್ಟ್2 ಅಂತ ಬರೆದಿದ್ದೆ. ವಿಆರ್‌ಎಫ್ ಒಳಗಿನ ಪೋರ್ಟಿನಿಂದ ಬಂದ ಪ್ಯಾಕೆಟ್ ಫಾರ್ವರ್ಡ್ ಚೈನ್‌ಗೆ ಬರುವ ಹೊತ್ತಿಗೆ ಅದರ ಒಳಬರುವ ಹೆಸರು ಲ್ಯಾಬ್ ಆಗಿರುತ್ತದೆ, ವಿಆರ್‌ಎಫ್‌ನ ಹೆಸರು. ಹೊರಹೋಗುವ ಹೆಸರು ಇನ್ನೂ ಗೋಜಲು: ರೂಟ್ ನಿಜವಾದ ಪೋರ್ಟ್ ಕಡೆ ತೋರಿಸಿದರೆ ಪೋರ್ಟಿನ ಹೆಸರು, ವಿಆರ್‌ಎಫ್ ಡಿವೈಸ್ ಕಡೆ ತೋರಿಸಿದರೆ ವಿಆರ್‌ಎಫ್ ಹೆಸರು. ಅದಕ್ಕೇ ನಾಸ್, ಪ್ರಿಂಟರ್ ರೂಲ್‌ಗಳಲ್ಲಿ ಹೊರಹೋಗುವ ಹೆಸರೇ ಬೇಡ ಅಂತ ಗುರಿಯ ವಿಳಾಸ ಬರೆದೆ. ಒಳಗೆ ಲ್ಯಾಬ್, ಗುರಿ 10.30.1.20, ಪೋರ್ಟ್ 445, ಅಷ್ಟೇ. ಇಂಟರ್ನೆಟ್ ರೂಲ್‌ನಲ್ಲಿ ಮಾತ್ರ ಪೋರ್ಟ್1 ಹೆಸರು ಇಟ್ಟುಕೊಂಡೆ, ಅಲ್ಲಿ ದಾರಿ ಗೇಟ್‌ವೇ ವಿಳಾಸದ್ದು.

ಹಂತ 7: ರೀಬೂಟ್

ಎಲ್ಲವನ್ನೂ ಸಿಸ್ಟಂಡಿ ನೆಟ್‌ವರ್ಕ್‌ಡಿ (ಬೂಟ್ ಆಗುವಾಗ ನೆಟ್‌ವರ್ಕ್ ಸಿದ್ಧ ಮಾಡುವ ಪ್ರೋಗ್ರಾಂ) ಫೈಲ್‌ಗಳಿಗೆ ಹಾಕಿದೆ. ಒಂದೊಂದು ವಿಆರ್‌ಎಫ್‌ಗೆ ನೆಟ್‌ಡೆವ್ ಫೈಲು, ಒಂದೊಂದು ಪೋರ್ಟಿಗೆ ನೆಟ್‌ವರ್ಕ್ ಫೈಲು. ಕರೆಂಟ್ ತೆಗೆದು ಹಾಕಿದೆ. ಬೂಟ್ ಆದ ಮೇಲೆ ಎರಡೂ ಪಟ್ಟಿ ಸರಿಯಾಗಿ ಓಡಿದವು.

ಆಮೇಲೆ ಪೋರ್ಟ್3ರ ವಿಳಾಸದಲ್ಲಿ ಏನೋ ತಿದ್ದಿ ನೆಟ್‌ವರ್ಕ್‌ಡಿ ರೀಸ್ಟಾರ್ಟ್ ಮಾಡಿದೆ. ಲ್ಯಾಬ್‌ನವರು ತಕ್ಷಣ ಪ್ರಿಂಟ್ ಬರುತ್ತಿಲ್ಲ ಅಂತ ಫೋನ್ ಮಾಡಿದರು. ಎಫ್‌ಆರ್‌ಆರ್ ಒಳಗೆ ನೋಡಿದರೆ ಎಲ್ಲ ಲೀಕ್ ರೂಟ್ ಇದೆ. ಕರ್ನಲ್‌ನಲ್ಲಿ ಐಪಿ ರೂಟ್ ಶೋ ವಿಆರ್‌ಎಫ್ ಲ್ಯಾಬ್ ಕೊಟ್ಟರೆ ಒಂದೂ ಇಲ್ಲ. ನೆಟ್‌ವರ್ಕ್‌ಡಿ ತಾನು ಹಾಕದ ರೂಟ್‌ಗಳನ್ನು ಪರರದ್ದು ಅಂತ ಅಳಿಸಿಹಾಕುತ್ತದೆ, ಅದರ ಡೀಫಾಲ್ಟ್ ನಡವಳಿಕೆಯೇ ಹಾಗೆ. ನೆಟ್‌ವರ್ಕ್‌ಡಿ ಕಾನ್ಫ್ ಫೈಲಿನಲ್ಲಿ ಮ್ಯಾನೇಜ್ ಫಾರಿನ್ ರೂಟ್ಸ್ ನೋ, ಮ್ಯಾನೇಜ್ ಫಾರಿನ್ ರೂಟಿಂಗ್ ಪಾಲಿಸಿ ರೂಲ್ಸ್ ನೋ, ಎರಡೂ ಹಾಕಬೇಕು. ಎರಡನೆಯದು ಬಿಟ್ಟರೆ ಹಂತ 2ರಲ್ಲಿ ಕೈಯಿಂದ ಹಾಕಿದ 32765ರ ರೂಲ್ ಹೋಗುತ್ತದೆ.

ಈಗ ಎರಡು ಪಟ್ಟಿಯ ಪಿಂಗ್‌ಗಳನ್ನೂ ಒಂದು ಸ್ಕ್ರಿಪ್ಟ್‌ನಲ್ಲಿ ಹಾಕಿ, ಲ್ಯಾಬ್ ಕಡೆಯ ಒಂದು ಕಂಪ್ಯೂಟರ್ ಮತ್ತು ಆಡಿಟ್ ಕಡೆಯ ಒಂದು ಕಂಪ್ಯೂಟರ್‌ನಿಂದ ದಿನಾ ಬೆಳಿಗ್ಗೆ ಓಡುವ ಹಾಗೆ ಮಾಡಿದ್ದೇನೆ. ರೂಟರ್ ಮೇಲೇ ಓಡಿಸಿದರೆ ಫಾರ್ವರ್ಡ್ ಚೈನ್ ಪರೀಕ್ಷೆ ಆಗುವುದಿಲ್ಲ, ಅದಕ್ಕೇ ಆ ಕಂಪ್ಯೂಟರ್‌ಗಳಿಂದ. ನಾಸ್ ಮತ್ತು ಪ್ರಿಂಟರ್‌ಗೆ ಪಿಂಗ್ ಹೋಗಲು ಐಸಿಎಂಪಿಗೆ ಒಂದು ರೂಲ್ ಸೇರಿಸಬೇಕಾಯಿತು. ಬಾಕಿ ಇರುವುದು ಐಪಿವಿ6.